‘ಚೆನ್ನಾಗಿದೆ’ ಅಂತ ಸುಮ್ಮನಾಗದ ಗೆಳೆಯರು: ಸೆರಾಪಿಯನ್ ಸೋದರರ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆ ಮೊದಲೇ ಒಂದು ಪ್ರಶ್ನೆ. ನೀವು ಕಥೆ ಬರೀತೀರಾ? ಬರೆದಿದ್ದನ್ನ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಏನು ಉತ್ತರ ಬರುತ್ತೆ? ‘ಸೂಪರ್ ಗುರೂ’, ಎರಡು ಚಪ್ಪಾಳೆ, ಒಂದು ಬೆಂಕಿ ಎಮೋಜಿ. ಅಲ್ಲಿಗೆ ಮುಗೀತು. ಕಥೆ ಎಲ್ಲಿ ಎದ್ದು ನಿಂತಿದೆ, ಎಲ್ಲಿ ಕುಸಿದಿದೆ ಅಂತ ಹೇಳೋರು ಸಿಗೋದು ಬಹಳ ಕಮ್ಮಿ.

ಹಾಗೆ ಹೇಳೋದನ್ನೇ ಕೆಲಸ ಮಾಡ್ಕೊಂಡಿದ್ದ ಒಂದು ಗುಂಪಿನ ಕಥೆ ಇವತ್ತಿನದು. ಊರು ರಷ್ಯಾದ ಪೆಟ್ರೋಗ್ರಾಡ್, ಅಂದರೆ ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್. ಇಸವಿ 1921. ಕಾಲದ ಅಂದಾಜಿಗೆ ಹೇಳ್ತೀನಿ: ನಮ್ಮಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ ಬಂದಿದ್ದು 1920ರಲ್ಲಿ. ಅದರ ಮರುವರ್ಷದ ಮಾತು ಇದು.

ಹಸಿದ ಊರಲ್ಲಿ ಕಥೆಯ ಪಾಠ

ಮೊದಲು ಆ ಊರು ಹೇಗಿತ್ತು ನೋಡೋಣ. 1917ರಲ್ಲಿ ಕ್ರಾಂತಿ ಆಯಿತು. ಆಮೇಲೆ ಅಂತರ್ಯುದ್ಧ. 20 ಲಕ್ಷಕ್ಕೂ ಹೆಚ್ಚು ಜನ ಇದ್ದ ಪೆಟ್ರೋಗ್ರಾಡ್‌ನಲ್ಲಿ 1920ರ ಹೊತ್ತಿಗೆ ಉಳಿದವರು ಸುಮಾರು 7 ಲಕ್ಷ. ಉಳಿದವರೆಲ್ಲ ಊರು ಬಿಟ್ಟಿದ್ದರು, ಇಲ್ಲವೇ ಸತ್ತಿದ್ದರು. ಬ್ರೆಡ್ ರೇಷನ್‌ನಲ್ಲಿ ಸಿಗೋದು, ಅದೂ ತೂಕ ಹಾಕಿ. ಚಳಿಗೆ ಸೌದೆ ಇಲ್ಲದೆ ಜನ ಮನೆಯ ಮೇಜು ಕುರ್ಚಿಗಳನ್ನೇ ಒಲೆಗೆ ಹಾಕ್ತಿದ್ದರು.

ಇಂಥ ಊರಲ್ಲಿ 1919ರ ನವೆಂಬರ್‌ನಲ್ಲಿ ‘ಕಲೆಗಳ ಮನೆ’ ಅನ್ನೋ ಸಂಸ್ಥೆ ಶುರುವಾಯಿತು. ಲೇಖಕ ಮ್ಯಾಕ್ಸಿಂ ಗಾರ್ಕಿಯ ಬೆಂಬಲ ಇತ್ತು. ಜಾಗ ಯಾವುದು ಗೊತ್ತಾ? ಎಲಿಸೆಯೆವ್ ಅನ್ನೋ ಶ್ರೀಮಂತ ದಿನಸಿ ವ್ಯಾಪಾರಿ ಕುಟುಂಬದ ದೊಡ್ಡ ಬಂಗಲೆ. ಅವರ ಅಂಗಡಿ ಬಗೆಬಗೆಯ ತಿನಿಸುಗಳಿಗೆ ಹೆಸರುವಾಸಿ. ಈಗ ಅವರ ಮನೆಯ ಕೋಣೆಗಳಲ್ಲಿ ಹೊಟ್ಟೆಗಿಲ್ಲದ ಕವಿಗಳು, ಕಥೆಗಾರರು ವಾಸ ಇದ್ದರು.

ಅಲ್ಲೇ ಒಂದು ಬರವಣಿಗೆಯ ತರಗತಿಯೂ ನಡೀತಿತ್ತು. ಕವಿತೆಗೆ ನಿಕೊಲಾಯ್ ಗುಮಿಲ್ಯೋವ್, ಗದ್ಯಕ್ಕೆ ಯೆವ್ಗೆನಿ ಜಮ್ಯಾಟಿನ್, ವಿಮರ್ಶೆಗೆ ಕೊರ್ನೇಯ್ ಚುಕೋವ್‌ಸ್ಕಿ. ಸಾಹಿತ್ಯ ಸಿದ್ಧಾಂತ ಹೇಳಿಕೊಡೋಕೆ ವಿಕ್ಟರ್ ಶ್ಕ್ಲೋವ್‌ಸ್ಕಿ.

ಇವರಲ್ಲಿ ಜಮ್ಯಾಟಿನ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಇವನು ಹಡಗು ಕಟ್ಟೋ ಎಂಜಿನಿಯರ್. ಮೊದಲ ಮಹಾಯುದ್ಧದ ಹೊತ್ತಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದು ರಷ್ಯಾಕ್ಕಾಗಿ ಹಿಮ ಒಡೆಯೋ ಹಡಗುಗಳ ಕೆಲಸ ನೋಡಿಕೊಂಡವನು. ಕಥೆಯನ್ನೂ ಎಂಜಿನಿಯರ್ ಕಣ್ಣಲ್ಲೇ ನೋಡ್ತಿದ್ದ. ಪ್ರತಿಭೆಯನ್ನ ಯಾರೂ ಕಲಿಸೋಕಾಗಲ್ಲ, ಆದರೆ ಕಸುಬು ಇದೆಯಲ್ಲ, ಅದನ್ನ ಖಂಡಿತ ಕಲಿಸಬಹುದು ಅನ್ನೋದು ಅವನ ನಿಲುವು. ವಾಕ್ಯ ಎಷ್ಟು ಉದ್ದ ಇರಬೇಕು, ಯಾವುದನ್ನ ಹೇಳದೆ ಓದುಗನಿಗೆ ಬಿಡಬೇಕು, ಬೇಡದ್ದನ್ನ ಹೇಗೆ ಕಿತ್ತು ಹಾಕಬೇಕು, ಇವೇ ಅವನ ಪಾಠಗಳು. ಅಮೆರಿಕದ ಪ್ರಸಿದ್ಧ ಅಯೋವಾ ಬರಹಗಾರರ ಕಮ್ಮಟ ಶುರುವಾಗಿದ್ದು 1936ರಲ್ಲಿ. ಇದು ಅದಕ್ಕಿಂತ ಒಂದೂವರೆ ದಶಕ ಹಿಂದಿನ ಮಾತು.

ಶನಿವಾರದ ಕೋಣೆ

ಆದರೆ ತರಗತಿ ಬೇರೆ, ಗೆಳೆಯರ ಗುಂಪು ಬೇರೆ, ಅಲ್ವಾ? ತರಗತಿಯಲ್ಲಿ ಮೇಷ್ಟ್ರು ಮಾತಾಡ್ತಾರೆ. ಕೆಲವು ಹುಡುಗರಿಗೆ ತಾವೇ ಕೂತು ಮಾತಾಡಬೇಕು ಅನ್ನಿಸ್ತು. 1921ರ ಫೆಬ್ರವರಿ 1ರಂದು ಒಟ್ಟು ಸೇರಿದರು. ಅದೇ ಬಂಗಲೆಯಲ್ಲಿದ್ದ ಮಿಖಾಯಿಲ್ ಸ್ಲೊನಿಮ್‌ಸ್ಕಿಯ ಚಿಕ್ಕ ಕೋಣೆ ಅವರ ಅಡ್ಡಾ ಆಯಿತು. ಶನಿವಾರ ಬಂತು ಅಂದರೆ ಎಲ್ಲರೂ ಅಲ್ಲಿ ಹಾಜರು.

ಯಾರ್ಯಾರು? ವೆನಿಯಾಮಿನ್ ಕವೇರಿನ್‌ಗೆ ಆಗ 18 ವರ್ಷ, ಲೆವ್ ಲುಂಟ್ಸ್‌ಗೆ 19. ಮಿಖಾಯಿಲ್ ಜೋಶ್ಚೆಂಕೊಗೆ 26. ಅವನು ಮಹಾಯುದ್ಧದಲ್ಲಿ ವಿಷಾನಿಲ ಕುಡಿದು, ಪದಕ ಗಳಿಸಿ ಬಂದ ಅಧಿಕಾರಿ. ಆಮೇಲೆ ಅಂಚೆ ಕಚೇರಿ, ಪೊಲೀಸ್ ಇಲಾಖೆ, ಕೋಳಿ ಮೊಲ ಸಾಕೋದು, ಚಪ್ಪಲಿ ಹೊಲಿಯೋದು, ಹೀಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದ್ದ. ಸೈಬೀರಿಯಾದಿಂದ ಬಂದ ವ್ಸೆವೊಲೋದ್ ಇವಾನೋವ್ ಸರ್ಕಸ್‌ನಲ್ಲೂ ದುಡಿದವನು. ಎಲಿಜವೆಟಾ ಪೊಲೊನ್ಸ್ಕಯಾ ವೃತ್ತಿಯಿಂದ ಡಾಕ್ಟರ್, ಗುಂಪಿನ ಒಬ್ಬಳೇ ಹೆಣ್ಣುಮಗಳು. ಇವರ ಜೊತೆ ಕಾನ್‌ಸ್ಟಾಂಟಿನ್ ಫೆಡಿನ್, ನಿಕೊಲಾಯ್ ನಿಕಿಟಿನ್, ನಿಕೊಲಾಯ್ ಟಿಖೊನೊವ್, ವಿಮರ್ಶಕ ಇಲ್ಯಾ ಗ್ರುಜ್ದೆವ್.

ಗುಂಪಿಗೆ ಹೆಸರು ಬೇಕಲ್ಲ. ಜರ್ಮನ್ ಲೇಖಕ ಹಾಫ್‌ಮನ್‌ನ ‘ಸೆರಾಪಿಯನ್ ಸೋದರರು’ ಅನ್ನೋ ಪುಸ್ತಕ ಇತ್ತು, 1819ರಿಂದ 1821ರ ನಡುವೆ ಬಂದಿದ್ದು. ಅದರಲ್ಲಿ ಕೆಲವು ಗೆಳೆಯರು ಸೇರಿ ಒಬ್ಬೊಬ್ಬರಾಗಿ ಕಥೆ ಹೇಳ್ತಾರೆ, ಕಥೆ ಮುಗಿದ ಮೇಲೆ ಅದರ ಗುಣದೋಷ ಮಾತಾಡ್ತಾರೆ. ಇವರೂ ಮಾಡ್ತಿದ್ದಿದ್ದು ಅದನ್ನೇ. ಹಾಗಾಗಿ ಹೆಸರೂ ಅದೇ ಆಯಿತು. ಒಬ್ಬೊಬ್ಬರಿಗೆ ಒಂದೊಂದು ಅಡ್ಡಹೆಸರೂ ಬಿತ್ತು. ಗ್ರುಜ್ದೆವ್ ಮಠಾಧಿಪತಿ, ಲುಂಟ್ಸ್ ವಿದೂಷಕ, ಕವೇರಿನ್ ರಸವಾದಿ, ಜೋಶ್ಚೆಂಕೊ ಖಡ್ಗಧಾರಿ.

ಗುಂಪಿನ ಕ್ರಮ ತುಂಬಾ ಸರಳ. ಹೊಸ ಕಥೆ ಬರೆದವರು ಅದನ್ನ ಎಲ್ಲರೆದುರು ಜೋರಾಗಿ ಓದಬೇಕು. ಮಿಕ್ಕವರು ಮಂಚದ ಮೇಲೆ, ಕಿಟಕಿ ಕಟ್ಟೆ ಮೇಲೆ, ಸಿಕ್ಕಲ್ಲಿ ಕೂತು ಕೇಳಬೇಕು. ಓದಿ ಮುಗಿದ ಮೇಲೆ ಮುಖ ನೋಡದೆ ಟೀಕೆ. ದಾಕ್ಷಿಣ್ಯ ಅನ್ನೋದು ಇಲ್ಲ.

ಜೋರಾಗಿ ಓದೋದರಲ್ಲಿ ಏನಿದೆ ಅಂತೀರಾ? ಕಾಗದದ ಮೇಲೆ ಚೆಂದ ಕಾಣೋ ವಾಕ್ಯ ಬಾಯಲ್ಲಿ ಎಡವುತ್ತೆ. ಕಥೆ ಎಲ್ಲಿ ಎಳೀತಿದೆ ಅನ್ನೋದು ಕೇಳೋರ ಆಕಳಿಕೆಯಲ್ಲೇ ಗೊತ್ತಾಗುತ್ತೆ. ನಗು ಬರಬೇಕಾದ ಕಡೆ ಕೋಣೆ ಸುಮ್ಮನಿದ್ದರೆ, ಆ ಜೋಕು ಸತ್ತಿದೆ ಅಂತಲೇ ಅರ್ಥ.

ಇದರ ಬೆಲೆ ಜೋಶ್ಚೆಂಕೊ ಕಥೆಗಳಲ್ಲಿ ಚೆನ್ನಾಗಿ ಕಾಣುತ್ತೆ. ಅವನ ಕಥೆಗಳನ್ನ ಹೇಳೋನು ಲೇಖಕ ಅಲ್ಲ. ಅರ್ಧಂಬರ್ಧ ಓದಿದ, ಪೇಪರ್‌ನಲ್ಲಿ ಬರೋ ದೊಡ್ಡ ದೊಡ್ಡ ಪದಗಳನ್ನ ತಪ್ಪಾಗಿ ಬಳಸೋ, ಬೀದಿಯ ಒಬ್ಬ ಮಾಮೂಲಿ ಮನುಷ್ಯ. ಚಿಕ್ಕ ಚಿಕ್ಕ ವಾಕ್ಯ, ಪೂರಾ ಮಾತಿನ ಧಾಟಿ. ‘ಸ್ನಾನಗೃಹ’ ಅಂತ ಒಂದು ಕಥೆ ಇದೆ. ಸಾರ್ವಜನಿಕ ಸ್ನಾನಗೃಹಕ್ಕೆ ಹೋದವನಿಗೆ ಬಟ್ಟೆ ಇಟ್ಟಿದ್ದಕ್ಕೆ ಟೋಕನ್ ಕೊಡ್ತಾರೆ. ಮೈಮೇಲೆ ಬಟ್ಟೆಯೇ ಇಲ್ಲ, ಟೋಕನ್ ಇಡೋದು ಎಲ್ಲಿ? ಇಷ್ಟೇ ಸಮಸ್ಯೆ. ಹೊಸ ಸರ್ಕಾರದ ಇಡೀ ಕಚೇರಿ ಅವಾಂತರ ಆ ಟೋಕನ್‌ನಲ್ಲಿದೆ. 1922ರಲ್ಲಿ ಅವನ ಮೊದಲ ಪುಸ್ತಕ ಬಂತು. ಕೆಲವೇ ವರ್ಷಗಳಲ್ಲಿ ದೇಶದಲ್ಲೇ ಅತಿ ಹೆಚ್ಚು ಜನ ಓದೋ ಲೇಖಕರಲ್ಲಿ ಒಬ್ಬನಾದ.

ಒಟ್ಟಿಗೆ ಕೂತವರು, ಒಂದೇ ಥರ ಬರೆಯದವರು

ಗುಂಪು ಅಂದ ಕೂಡಲೇ ಎಲ್ಲರೂ ಒಂದೇ ಥರ ಬರೀತಾರೆ ಅನ್ನಿಸಬಹುದು. ಇಲ್ಲಿ ಉಲ್ಟಾ. ಲುಂಟ್ಸ್, ಕವೇರಿನ್‌ಗೆ ಕಥೆ ಓಡಬೇಕು, ತಿರುವು ಬೇಕು, ಸಾಹಸ ಬೇಕು. ಇವಾನೋವ್, ನಿಕಿಟಿನ್‌ಗೆ ಭಾಷೆಯ ಸೊಗಡು ಬೇಕು, ಹಳ್ಳಿಯ ನುಡಿ ಬೇಕು. ಎರಡೂ ಕಡೆಯವರು ಸೇರಿದ ಸಂಕಲನ 1922ರಲ್ಲಿ ಬಂತು.

ಅದೇ ವರ್ಷ ಲುಂಟ್ಸ್ ಒಂದು ಲೇಖನ ಬರೆದ. ನಾವು ಯಾಕೆ ಸೆರಾಪಿಯನ್ ಸೋದರರು ಅನ್ನೋದಕ್ಕೆ ಉತ್ತರ ಅದು. ತಿರುಳು ಇಷ್ಟು: ನಮ್ಮದು ಸಂಘ ಅಲ್ಲ, ನಮಗೆ ನಿಯಮಾವಳಿ ಇಲ್ಲ, ಅಧ್ಯಕ್ಷ ಇಲ್ಲ. ನಮ್ಮ ರಾಜಕೀಯ ನಿಲುವು ಒಬ್ಬೊಬ್ಬರದು ಒಂದೊಂದು. ನಮಗೆ ಬೇಕಾದ್ದು ಕಥೆ ಜೀವಂತವಾಗಿರೋದು, ಮತ್ತು ಬರೆಯೋದು ಹೀಗೇ ಇರಬೇಕು ಅಂತ ಮೇಲಿಂದ ಯಾರೂ ಹೇಳದಿರೋದು.

ಆ ಮಾತನ್ನ ಆ ಹೊತ್ತಲ್ಲಿ ಹೇಳೋಕೆ ಧೈರ್ಯ ಬೇಕಿತ್ತು. ಯಾಕಂದ್ರೆ ಅವರ ಕವಿತೆ ಮೇಷ್ಟ್ರು ಗುಮಿಲ್ಯೋವ್‌ನನ್ನ 1921ರ ಆಗಸ್ಟ್‌ನಲ್ಲಿ ಬಂಧಿಸಿ ಗುಂಡಿಟ್ಟು ಕೊಂದಿದ್ದರು. ಬಂಧನದ ಭಯಕ್ಕೆ ಶ್ಕ್ಲೋವ್‌ಸ್ಕಿ 1922ರಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಫಿನ್‌ಲ್ಯಾಂಡ್‌ಗೆ ಓಡಿಹೋಗಿದ್ದ.

ಲುಂಟ್ಸ್ ಹೊರಗಿನವರನ್ನಷ್ಟೇ ಟೀಕಿಸಲಿಲ್ಲ. 1922ರ ಡಿಸೆಂಬರ್‌ನಲ್ಲಿ ತನ್ನ ಸೋದರರ ಎದುರಿಗೇ ನಿಂತು, ನಮಗೆ ಕಥೆ ಕಟ್ಟೋಕೆ ಬರಲ್ಲ, ಪಶ್ಚಿಮದ ಲೇಖಕರ ಹತ್ತಿರ ಮೊದಲಿಂದ ಕಲೀಬೇಕು ಅಂತ ವಾದ ಮಾಡಿದ. ಜಗಳ ಆಯಿತು. ಗುಂಪು ಒಡೀಲಿಲ್ಲ. ಕಾಯಿಲೆ ಬಿದ್ದ ಲುಂಟ್ಸ್ ಚಿಕಿತ್ಸೆಗೆ ಜರ್ಮನಿಗೆ ಹೋದ. 1924ರ ಮೇ ತಿಂಗಳಲ್ಲಿ ಹ್ಯಾಂಬರ್ಗ್‌ನಲ್ಲಿ ತೀರಿಕೊಂಡ. ವಯಸ್ಸು 23.

ಟೀಕೆ ಬೇರೆ, ಶಿಕ್ಷೆ ಬೇರೆ

ಈಗ 1946ಕ್ಕೆ ಬರೋಣ. ಲುಂಟ್ಸ್ ಸತ್ತು 22 ವರ್ಷ ಆಗಿದೆ. ಊರಿನ ಹೆಸರು ಲೆನಿನ್‌ಗ್ರಾಡ್ ಆಗಿದೆ. ಆಗಸ್ಟ್ 14ರಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಎರಡು ಸಾಹಿತ್ಯ ಪತ್ರಿಕೆಗಳ ವಿರುದ್ಧ ಠರಾವು ಹೊರಡಿಸಿತು. ಗುರಿ ಇಬ್ಬರು: ಕವಯಿತ್ರಿ ಅನ್ನಾ ಅಖ್ಮಾತೊವಾ ಮತ್ತು ನಮ್ಮ ಜೋಶ್ಚೆಂಕೊ. ಮೃಗಾಲಯದಿಂದ ತಪ್ಪಿಸಿಕೊಂಡ ಒಂದು ಕೋತಿಯ ಬಗ್ಗೆ ಜೋಶ್ಚೆಂಕೊ ಬರೆದಿದ್ದ ಪುಟ್ಟ ಕಥೆ ಸೋವಿಯತ್ ಜೀವನಕ್ಕೆ ಅವಮಾನ ಅಂತ ಆರೋಪ. ಸ್ಟಾಲಿನ್‌ನ ಆಪ್ತ ಆಂದ್ರೇ ಝ್ದಾನೊವ್ ಭಾಷಣ ಮಾಡಿದ. ಅಲ್ಲಿ ಸಾಕ್ಷಿಯಾಗಿ ಎತ್ತಿ ತೋರಿಸಿದ್ದರಲ್ಲಿ ಲುಂಟ್ಸ್‌ನ 1922ರ ಲೇಖನವೂ ಒಂದು. ಹಸಿದ ಹುಡುಗರ ಶನಿವಾರದ ಮಾತು ಕಾಲು ಶತಮಾನದ ನಂತರ ಅಪರಾಧದ ಪುರಾವೆ ಆಯಿತು.

ಜೋಶ್ಚೆಂಕೊನನ್ನ ಲೇಖಕರ ಸಂಘದಿಂದ ಹೊರಹಾಕಿದರು. ರೇಷನ್ ಕಾರ್ಡ್ ಕೂಡ ಹೋಯಿತು. ಪರಿಚಯದವರು ರಸ್ತೆಯಲ್ಲಿ ಕಂಡರೆ ಆಚೆ ಬದಿಗೆ ದಾಟಿ ಹೋಗ್ತಿದ್ದರು. ಹೊಟ್ಟೆಪಾಡಿಗೆ ಅವನು ಹಳೇ ಚಪ್ಪಲಿ ಕೆಲಸಕ್ಕೇ ಮರಳಿದ. 1954ರಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು ಊರಿಗೆ ಬಂದಾಗ ಆ ಠರಾವಿನ ಬಗ್ಗೆ ಅವನ ಅಭಿಪ್ರಾಯ ಕೇಳಿದರು. ತನ್ನನ್ನ ಬೈದಿದ್ದನ್ನ ಒಪ್ಪೋಕಾಗಲ್ಲ ಅಂದ. ಅದಕ್ಕೆ ಮತ್ತೆ ಕಿರುಕುಳ. 1958ರಲ್ಲಿ ತೀರಿಕೊಂಡ.

ಇಲ್ಲಿ ಒಂದು ನಿಮಿಷ ನಿಲ್ಲೋಣ. 1921ರಲ್ಲೂ ಜೋಶ್ಚೆಂಕೊ ಕಥೆಯನ್ನ ಕಟುವಾಗಿ ಟೀಕಿಸಿದ್ದರು, 1946ರಲ್ಲೂ ಟೀಕಿಸಿದರು. ವ್ಯತ್ಯಾಸ ಏನು? ಸ್ಲೊನಿಮ್‌ಸ್ಕಿಯ ಕೋಣೆಯಲ್ಲಿ ಇವತ್ತು ನಿನ್ನ ಕಥೆಯನ್ನ ಬಿಡಿಸಿ ಹಾಕಿದವನು, ಮುಂದೊಂದು ಶನಿವಾರ ತನ್ನ ಕಥೆ ಹಿಡಿದು ಅದೇ ಮಂಚದ ಮೇಲೆ ಕೂರಬೇಕಿತ್ತು. ಅವನ ಮಾತಿಂದ ನಿನ್ನ ಕಥೆಯಲ್ಲಿ ನಾಲ್ಕು ಸಾಲು ಹೋಗಬಹುದು, ಅನ್ನ ಹೋಗೋದಿಲ್ಲ. ಅವನ ಮಾತು ಕೇಳದೆ ಇರೋ ಹಕ್ಕೂ ನಿನಗಿದೆ. ಝ್ದಾನೊವ್ ಎದುರು ಇದು ಯಾವುದೂ ಇರಲಿಲ್ಲ. ಅವನು ತನ್ನ ಕಥೆ ಓದೋಕೆ ಬಂದವನಲ್ಲ.

ಸೋದರರು ಏನಾದರು?

ಆ ಕೋಣೆ ಎಲ್ಲರನ್ನೂ ಧೀರರನ್ನಾಗಿ ಮಾಡಿತಾ? ಇಲ್ಲ. ಫೆಡಿನ್ ಮೇಲಕ್ಕೇರಿ, 1959ರಲ್ಲಿ ಸೋವಿಯತ್ ಲೇಖಕರ ಸಂಘದ ಮುಖ್ಯಸ್ಥನಾದ. ಅಲೆಕ್ಸಾಂಡರ್ ಸೊಲ್ಜೆನಿತ್ಸಿನ್‌ನ ‘ಕ್ಯಾನ್ಸರ್ ವಾರ್ಡ್’ ಕಾದಂಬರಿ ಪತ್ರಿಕೆಯಲ್ಲಿ ಅಚ್ಚಾಗೋಕೆ ತಯಾರಾಗಿದ್ದಾಗ ಅಡ್ಡ ನಿಂತವರಲ್ಲಿ ಅವನೇ ಪ್ರಮುಖ. ಆಗ, 1968ರ ಜನವರಿಯಲ್ಲಿ, ಅವನಿಗೆ ಒಂದು ಬಹಿರಂಗ ಪತ್ರ ಬಂತು. ಬರೆದವನು ಯಾರು? ಒಂದು ಕಾಲದ ಆ 18ರ ಹುಡುಗ ಕವೇರಿನ್. ಹಳೇ ಸ್ನೇಹ ನೆನಪಿಸಿ, ಒಬ್ಬ ಲೇಖಕ ಇನ್ನೊಬ್ಬ ಲೇಖಕನ ಬಾಯಿ ಕಟ್ಟೋದು ಎಂಥ ಕೆಲಸ ಅಂತ ನೇರವಾಗಿ ಕೇಳಿದ್ದ. ಪತ್ರ ಪತ್ರಿಕೆಗಳಲ್ಲಿ ಬರಲಿಲ್ಲ. ಟೈಪ್ ಮಾಡಿದ ಪ್ರತಿಗಳು ಕೈಯಿಂದ ಕೈಗೆ ಹೋದವು. ನನಗೆ ಅದು ಆ ಶನಿವಾರಗಳ ಟೀಕೆಯ ಮುಂದುವರಿಕೆ ಥರ ಕಾಣುತ್ತೆ. ಮುಖ ನೋಡದೆ, ಗೆಳೆಯನಿಗೆ ಗೆಳೆಯ ಹೇಳಿದ ಮಾತು.

ಈ ಸೋದರರು ಭೇಟಿಯಾದಾಗ ಒಬ್ಬರಿಗೊಬ್ಬರು ‘ಬರೆಯೋದು ಬಹಳ ಕಷ್ಟ’ ಅನ್ನೋ ಅರ್ಥದ ಮಾತಲ್ಲೇ ನಮಸ್ಕಾರ ಹೇಳ್ತಿದ್ದರಂತೆ. ತಮಾಷೆಯೂ ಹೌದು, ನಿಜವೂ ಹೌದು. ಕಷ್ಟ ಅಂತ ಎಲ್ಲರೂ ಒಪ್ಪಿಕೊಂಡ ಕೋಣೆಯಲ್ಲಿ ಯಾರೂ ದೊಡ್ಡವರಾಗಿ ಮೆರೆಯೋಕಾಗಲ್ಲ.

ನಿಮಗೂ ಒಂದು ಕಥೆ ಗುಂಪು ಕಟ್ಟೋ ಆಸೆ ಇದ್ದರೆ ಎಲಿಸೆಯೆವ್ ಬಂಗಲೆ ಬೇಕಾಗಿಲ್ಲ. ನಾಲ್ಕೈದು ಜನ, ವಾರಕ್ಕೊಂದು ಸಂಜೆ, ಯಾರದೋ ರೂಮು ಸಾಕು. ಫೋನ್ ಪಕ್ಕಕ್ಕಿಟ್ಟು ಜೋರಾಗಿ ಓದಿ. ‘ಸೂಪರ್’ ಅನ್ನೋ ಪದವನ್ನ ಆ ಎರಡು ಗಂಟೆ ಬಾಗಿಲ ಹೊರಗೆ ಬಿಡಿ. ಟೀಕೆ ಮಾಡೋರೆಲ್ಲ ತಾವೂ ಬರೆದು ತರಬೇಕು ಅನ್ನೋದೊಂದು ಷರತ್ತು ಇಟ್ಟುಕೊಳ್ಳಿ.

ಇವತ್ತಿಗೆ ಇಷ್ಟು. ಜೊತೆಗೆ ಕೂತು ಕಥೆ ಬರೆಯೋ ಗೆಳೆಯರಿದ್ದರೆ ಅವರಿಗೂ ಈ ಸಂಚಿಕೆ ಕಳಿಸಿ.