ಬೀದಿಗೆ ಬೇಲಿ ಬಂದ ಬಗೆ

ಬಲಿಪಾಡ್ಯಮಿ ಕಳೆಯುತ್ತಿದ್ದಂತೆ ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಹೋರಿ ಹಬ್ಬದ ಮಾತು ಶುರು. ಕೊಬ್ಬರಿ ಸರ, ಬಲೂನು, ಬಣ್ಣದ ಜೂಲ ಹೊತ್ತ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಓಡುವ ಹೋರಿಯ ಕೊರಳಿಗೆ ಕೈಹಾಕಿ ಕೊಬ್ಬರಿ ಕಿತ್ತರೆ ಹಿಡಿದವನ ಗೆಲುವು. ಯಾರ ಕೈಗೂ ಸಿಗದೆ ದಾಟಿದರೆ ಹೋರಿಯದು. ಮೈಕಿನಲ್ಲಿ ಹೋರಿಯ ಹೆಸರು ಕೂಗಿದರೆ ಸಾಕು, ಅಭಿಮಾನಿಗಳ ಶಿಳ್ಳೆ ಕಿವಿಗಡಚಿಕ್ಕುತ್ತದೆ. 1997ರಲ್ಲಿ ಹೊನ್ನಾಳಿ ಶಿವಮೊಗ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ಆದರೆ ಹೋರಿಗಳ ನಂಟು ಈಗಲೂ ಶಿಕಾರಿಪುರ, ಹಾವೇರಿ ಕಡೆಗೇ.

ಮೊದಲು ಇದಕ್ಕೆ ಊರಬೀದಿಯೇ ಸಾಕಿತ್ತು. ದನ ಪೂಜಿಸಿ, ಸಿಂಗರಿಸಿ, ಬೆದರಿಸಿ ಓಡಿಸುವುದು ಹಬ್ಬದ ಭಾಗ. ನೋಡುವವರು ಜಗುಲಿಯ ಮೇಲೆ, ಮಾಳಿಗೆಯ ಮೇಲೆ. ಹೊರೂರ ಹೋರಿಗಳು ಬರತೊಡಗಿ, ಬಹುಮಾನ ಬಂಗಾರ, ಬೈಕಿಗೆ ಏರಿದ ಮೇಲೆ ಬೀದಿ ಸಾಲಲಿಲ್ಲ. ಅದು ಅಖಾಡವಾಯಿತು: ಎರಡೂ ಬದಿ ಬೇಲಿ, ಬೇಲಿಯಾಚೆ ಜನ.

ಮೋಟಾರು ರೇಸಿನ ಕಥೆಯೂ ಹೀಗೇ ನಡೆದಿದೆ. 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲಿ ಕಾರುಗಳು ತೆರೆದ ಹೆದ್ದಾರಿಯಲ್ಲಿ, ಜನರ ನಡುವೆಯೇ ನುಗ್ಗಿದವು. ಸಾವುಗಳಾಗಿ, ಓಟ ಬೋರ್ಡೋ ನಗರದಲ್ಲೇ ನಿಂತಿತು. 1929ರಲ್ಲಿ ಮೊನಾಕೊ ತನ್ನ ಬೀದಿಗಳನ್ನೇ ಸುತ್ತುಹಾದಿ ಮಾಡಿಕೊಂಡಿತು. ಇಷ್ಟಾದರೂ ಇಟಲಿಯ ಮಿಲ್ಲೆ ಮಿಲ್ಯಾ ತೆರೆದ ರಸ್ತೆಯಲ್ಲೇ ಉಳಿಯಿತು. 1957ರಲ್ಲಿ ಒಂದು ಕಾರು ಗುಂಪಿಗೆ ನುಗ್ಗಿ, ನೋಡಲು ನಿಂತಿದ್ದ ಒಂಬತ್ತು ಮಂದಿಯನ್ನು ಕೊಂದ ಮೇಲೆ ಆ ಓಟಕ್ಕೆ ಕಡಿವಾಣ ಬಿತ್ತು. ಅವರಲ್ಲಿ ಐವರು ಮಕ್ಕಳು.

ಈಗ ನಗರದ ಬೀದಿಯನ್ನು ಓಟಕ್ಕೆ ಅಣಿಮಾಡುವುದೆಂದರೆ ವಾರಗಟ್ಟಲೆ ಕೆಲಸ. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ಬದಿ, 2024ರಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ಡಾಂಬರು ಸರಿಮಾಡಿ, ಕಾಂಕ್ರೀಟ್ ತಡೆಗೋಡೆ, ತಂತಿಬಲೆ ನಿಲ್ಲಿಸಲಾಯಿತು. ಮ್ಯಾನ್‌ಹೋಲ್ ಮುಚ್ಚಳಗಳನ್ನು ಕೂಡ ಅಲುಗದಂತೆ ಬಿಗಿಯಬೇಕು. 2023ರಲ್ಲಿ ಲಾಸ್ ವೇಗಸ್‌ನಲ್ಲಿ ನೀರಿನ ವಾಲ್ವಿನ ಮುಚ್ಚಳವೊಂದು ಕಿತ್ತುಬಂದು ಫಾರ್ಮುಲಾ ಒನ್ ಚಾಲಕ ಸೈನ್ಜ್ ಓಡಿಸುತ್ತಿದ್ದ ಫೆರಾರಿಯ ತಳವನ್ನು ಸೀಳಿತು. ಮೊದಲ ಅಭ್ಯಾಸ ಕೆಲವೇ ನಿಮಿಷಕ್ಕೆ ಮುಗಿಯಿತು.

ಹೋರಿ ಹಬ್ಬಕ್ಕೆ ಬೇಲಿಯ ಜೊತೆ ಕಾನೂನಿನ ಕಟ್ಟೂ ಬಂತು. ಜಲ್ಲಿಕಟ್ಟು, ಗಾಡಿ ಓಟಗಳನ್ನು ನಿಲ್ಲಿಸಿ ಸುಪ್ರೀಂ ಕೋರ್ಟು 2014ರ ಮೇ 7ರಂದು ಕೊಟ್ಟ ತೀರ್ಪಿನ ಬಿಸಿ ಇಲ್ಲಿಗೂ ತಟ್ಟಿತು. ಕರ್ನಾಟಕ 2017ರಲ್ಲಿ ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಕ್ಕೆ ಅವಕಾಶ ಕೊಡಲು ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು.

ವಾದವೆಲ್ಲ ಹೋರಿಗೆ ಆಗುವ ಹಿಂಸೆಯ ಸುತ್ತಲೇ ನಡೆಯಿತು. ಅದು ಸರಿಯೂ ಹೌದು. ಆದರೆ ಬೇಲಿ ಮುಗಿಯುವ ತುದಿಯ ಬಗ್ಗೆ ಮಾತು ಕಡಿಮೆ. ಗೆರೆ ದಾಟಿದ ಕಾರಿಗೆ ಬ್ರೇಕಿದೆ. ಬೆದರಿದ ಹೋರಿ ಅಖಾಡ ಮುಗಿದರೂ ಓಡುತ್ತಲೇ ಇರುತ್ತದೆ, ದಾರಿಯಲ್ಲಿ ಮನೆಗಳಿರುತ್ತವೆ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಸತ್ತವರಲ್ಲಿ ಆಟದ ಗೊಡವೆಯೇ ಇಲ್ಲದೆ ರಸ್ತೆಯಲ್ಲಿ ಹೋಗುತ್ತಿದ್ದ ಹಿರಿಯರೂ ಇದ್ದರು.