ಅರಮನೆಯ ಎಲೆ, ಮನೆಯ ಎಲೆ

ಗೋಕುಲಾಷ್ಟಮಿಯ ಜಾಗರಣೆಗೋ ಗಣಪತಿ ಕೂರಿಸಿದ ರಾತ್ರಿಯೋ ಮುಂಬಯಿಯ ನಮ್ಮ ಮನೆಗಳಲ್ಲಿ ಇಸ್ಪೀಟಿನ ಕಟ್ಟು ಹೊರಬರುವುದು ಹೊಸತಲ್ಲ. ಆದರೆ 52 ಎಲೆಗಳ ಈ ಕಟ್ಟು ಮನೆಮನೆ ಸೇರುವ ಮೊದಲೇ ನಮ್ಮಲ್ಲಿ ಇನ್ನೊಂದು ಎಲೆಯಾಟವಿತ್ತು. ಅದೇ ಗಂಜೀಫಾ. ಕಳೆದ ವರ್ಷ ಸಾವಂತವಾಡಿಯ ಅರಮನೆ ನೋಡಲು ಹೋದಾಗ ದಶಾವತಾರ ಗಂಜೀಫಾದ ಒಂದು ಪೆಟ್ಟಿಗೆ ಕೊಂಡುತಂದೆ. ಶೋಕೇಸಿನಲ್ಲಿಡುವ ಬದಲು ಆಡಿಯೇ ನೋಡೋಣವೆಂದು ಒಂದು ಭಾನುವಾರ ಮಧ್ಯಾಹ್ನ ಬೊರಿವಲಿಯ ನಮ್ಮ ಮನೆಯಲ್ಲಿ ಮೂವರು ಗೆಳತಿಯರು ಕುಳಿತೆವು.

ಇಸ್ಪೀಟು, ಆಟೀನುಗಳ ಜಾಗದಲ್ಲಿ ಇಲ್ಲಿ ಹತ್ತು ಅವತಾರಗಳು. ಒಂದೊಂದಕ್ಕೂ ರಾಜ, ಪ್ರಧಾನಿ, ಮತ್ತೆ ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಮೂವರಿಗೆ ತಲಾ 40. ಅಷ್ಟು ದುಂಡನೆಯ ಎಲೆಗಳನ್ನು ಕೈಯಲ್ಲಿ ಹಿಡಿಯುವುದೇ ಮೊದಲ ಪಾಠ! ಹಗಲಾದರೆ ರಾಮನ ರಾಜ ಇರುವವರು, ರಾತ್ರಿಯಾದರೆ ಕೃಷ್ಣನ ರಾಜ ಇರುವವರು ಆಟ ಶುರುಮಾಡಬೇಕು. ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು. ನಾನು ಹತ್ತು ಇದೆಯೆಂದು ಬೀಗುತ್ತಾ ಇಳಿಸಿದರೆ ಆ ಅವತಾರದಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು! ತುರುಫಿನ ಆಸರೆಯೂ ಇಲ್ಲ. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂದು ನೆನಪಿಟ್ಟವರದೇ ಗೆಲುವು.

ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದ ಆಟ. 1527ರಲ್ಲಿ ಸಿಂಧ್‌ನಲ್ಲಿದ್ದ ತನ್ನ ಸ್ನೇಹಿತನಿಗೆ ಗಂಜೀಫಾ ಕಳುಹಿಸಿದ ಸಂಗತಿಯನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮ್ಮ ನಾಡಿನಲ್ಲಿ ಈ ಆಟವನ್ನು ಶಿಖರಕ್ಕೇರಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ 'ಛದ' ಎಂಬ ಹೆಸರಿನ 13 ಎಲೆಯಾಟಗಳ ವಿವರಗಳಿವೆ. ಕೆಲವಕ್ಕೆ 300ಕ್ಕೂ ಹೆಚ್ಚು ಎಲೆಗಳು ಬೇಕು! ಈ ಮೈಸೂರು ಎಲೆಗಳ ಬಗ್ಗೆ 1973ರಲ್ಲಿ ಪುಸ್ತಕ ಬರೆದವರು ನಮ್ಮ ಮುಂಬಯಿಯೊಂದಿಗೆ ನಂಟಿದ್ದವರು. 1933ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದು ನೆಲೆಸಿದ ಕಲಾವಿಮರ್ಶಕ ರೂಡಿ ಫಾನ್ ಲೇಡನ್.

ಆಡುವುದನ್ನು ನೋಡುತ್ತಿದ್ದ ಮಗಳು, "ಅಮ್ಮಾ, ಜಪಾನಿನವರದ್ದೂ ಹೀಗೇ ನೆನಪಿನ ಆಟ ಇದೆಯಲ್ಲ, ಕರುತಾ," ಎಂದಳು. ಅವಳು ನೋಡುವ 'ಚಿಹಾಯಾಫುರು' ಅನಿಮೆಯ ಕಥೆಯೇ ಅದು. ಪೋರ್ಚುಗೀಸರ 'ಕಾರ್ತಾ' ಜಪಾನಿನಲ್ಲಿ 'ಕರುತಾ' ಆಯಿತು. ನೂರು ಕವಿಗಳ ನೂರು ಕವಿತೆಗಳು. ಆ ಕವಿಗಳಲ್ಲಿ 21 ಮಂದಿ ಹೆಂಗಸರು. ಒಬ್ಬರು ಕವಿತೆಯನ್ನು ಓದತೊಡಗಿದ ಕೂಡಲೇ ಅದರ ಉತ್ತರಾರ್ಧ ಬರೆದಿರುವ ಎಲೆಯನ್ನು ನೆಲದ ಮೇಲಿಂದ ಎತ್ತಬೇಕು. ಏಳು ಕವಿತೆಗಳನ್ನು ಮೊದಲ ಅಕ್ಷರ ಕೇಳಿದೊಡನೆ ಗುರುತಿಸಬಹುದು. ಹೊಸಬರು ಅವುಗಳಿಂದಲೇ ಆರಂಭಿಸುವುದುಂಟು.

ಆ ಆಟ ಉಳಿಯಿತು, ನಮ್ಮದು ಯಾಕೆ ವಸ್ತುಸಂಗ್ರಹಾಲಯ ಸೇರಿತು? ಜಪಾನಿನ ಎಲೆಗಳು ಅಚ್ಚಾಗಿ ಅಗ್ಗವಾಗಿ ಮನೆಗಳಿಗೆ ಬಂದವು, ಹೊಸವರ್ಷದ ಆಟವಾದವು. 1904ರಲ್ಲಿ ಒಬ್ಬ ಪತ್ರಿಕಾ ಸಂಪಾದಕರು ಎಲ್ಲರಿಗೂ ಒಂದೇ ನಿಯಮ ಮಾಡಿ ಸ್ಪರ್ಧೆ ನಡೆಸಿದರು. ನಮ್ಮ ಎಲೆಗಳು ಒಂದೊಂದೂ ಚಿತ್ರಕಾರನ ಕೈಯಿಂದಲೇ ಬರಬೇಕಿತ್ತು. ಅಗ್ಗದ ಅಚ್ಚಿನ ಇಸ್ಪೀಟು ಬಂದಾಗ ಅವು ಸೋತವು. ಮೈಸೂರಿನ ಛದವಂತೂ ಅರಮನೆಯ ಹೊಸ್ತಿಲು ದಾಟಿದ್ದೇ ಕಡಿಮೆ. ಇಂದು ಮೈಸೂರು, ಸಾವಂತವಾಡಿ ಎರಡರ ಎಲೆಗಳಿಗೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೆ ಕೊಳ್ಳುವವರು ಚೌಕಟ್ಟು ಹಾಕಿಸುತ್ತಾರೆ, ಆಡುವುದಿಲ್ಲ. ಚಿತ್ರ ಉಳಿದರೆ ಕಲೆ ಉಳಿದೀತು. ಆಟ ಉಳಿಯಬೇಕಾದರೆ ಹೊಸಬರೊಬ್ಬರು ತಪ್ಪಾಗಿ ಎಲೆ ಇಳಿಸಬೇಕು, ಇನ್ನೊಬ್ಬರು ನಕ್ಕು ತಿದ್ದಬೇಕು.

ಈಗ ಮಗಳೂ ನಾನೂ ರಟ್ಟು ಕತ್ತರಿಸಿ ವಚನಗಳ ಎಲೆ ಮಾಡುತ್ತಿದ್ದೇವೆ. ಮೊದಲ ಯತ್ನದಲ್ಲೇ ಎಡವಿದೆವು. ವಚನದ ಕೊನೆಯ ಸಾಲು ಬರೆದರೆ ಅಕ್ಕನ ಎಲ್ಲ ಎಲೆಗಳಲ್ಲೂ ಚೆನ್ನಮಲ್ಲಿಕಾರ್ಜುನನೇ! ಹಾಗಾಗಿ ಅಂಕಿತ ಬಿಟ್ಟು ಅದರ ಹಿಂದಿನ ಸಾಲು ಬರೆದೆವು. ಇಂಗ್ಲಿಷ್ ಮಾಧ್ಯಮದ ಮಗಳು ಈಗ ಹನ್ನೆರಡು ವಚನಗಳನ್ನು ಮೊದಲ ಪದದಲ್ಲೇ ಗುರುತಿಸುತ್ತಾಳೆ. ನನಗಿನ್ನೂ ಒಂಬತ್ತೇ. ಬರುವ ಗೋಕುಲಾಷ್ಟಮಿಯ ರಾತ್ರಿ ಎರಡೂ ಕಟ್ಟುಗಳು ಹೊರಬರಲಿವೆ. ಕೃಷ್ಣನ ರಾಜ ಯಾರ ಕೈಗೆ ಬರುವುದೋ ನೋಡೋಣ, ಬನ್ನಿ.