ಅಚ್ಚಿನಿಂದ ಧ್ವನಿಗೆ: ಕನ್ನಡದ ಸೃಜನೇತರ ಪುಸ್ತಕ

ಬೆಂಗಳೂರಿನ ಕುಮಾರ ಪಾರ್ಕ್ ಪೂರ್ವದ ಕ್ರೆಸೆಂಟ್ ರಸ್ತೆಯ ವಿಳಾಸವು ಕನ್ನಡದ ಜ್ಞಾನಸಾಹಿತ್ಯವನ್ನು ಬಲ್ಲವರಿಗೆ ಅಪರಿಚಿತವಲ್ಲ. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನದ ಎಷ್ಟೋ ಪುಸ್ತಕಗಳು ಆ ವಿಳಾಸವನ್ನು ಹೊತ್ತೇ ನಾಡಿನ ಗ್ರಂಥಾಲಯಗಳನ್ನು ಸೇರಿದವು. ವಿಜ್ಞಾನ, ವೈದ್ಯ, ಇತಿಹಾಸ, ಸಮಾಜಶಾಸ್ತ್ರಗಳನ್ನು ಕುರಿತ ಇಂಥ ಬರವಣಿಗೆಗೆ ಕತೆ-ಕಾದಂಬರಿಗಳಿಗೆ ಸಂದಷ್ಟು ವಿಮರ್ಶೆಯ ಗಮನ ಎಂದೂ ಸಂದಿಲ್ಲ. ಆದರೆ ಅಚ್ಚಿನ ಪುಸ್ತಕವು ಗಣಕದ ಪುಸ್ತಕವಾಗುವಾಗ ಹೆಚ್ಚಿನ ತೊಡಕಿಗೆ ಸಿಲುಕಿದ್ದು ಈ ವರ್ಗವೇ. ಇದು ಪುಟಪುಟವಾಗಿ ಓದಿ ಮುಗಿಸುವ ಬಗೆಯದಲ್ಲ, ಹುಡುಕಿ ನೋಡುವ ಬಗೆಯದು.

ತೊಡಕಿನ ಮೂಲ ಅಕ್ಷರದಲ್ಲಿತ್ತು. ಯೂನಿಕೋಡ್ ಶಿಷ್ಟತೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಡಿ.ಟಿ.ಪಿ. ಕೇಂದ್ರಗಳು ಬಹುಕಾಲ ತಮ್ಮ ತಮ್ಮ ಫಾಂಟುಗಳ ಸಂಕೇತಗಳಲ್ಲಿಯೇ ಪುಸ್ತಕ ಜೋಡಿಸಿದವು. ಅಲ್ಲಿ ಗಣಕ ಉಳಿಸಿಕೊಳ್ಳುತ್ತಿದ್ದುದು ಕನ್ನಡದ ಅಕ್ಷರವನ್ನಲ್ಲ, ಅದರ ಆಕಾರದ ತುಣುಕುಗಳನ್ನು. ಅವೂ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ. ಅಚ್ಚಾದ ಪುಟ ಚೊಕ್ಕಟವಾಗಿ ಕಂಡರೂ ಅದರ ಕಡತದಲ್ಲಿ ಒಂದು ಕನ್ನಡ ಪದವನ್ನು ಹುಡುಕಿ ತೆಗೆಯುವಂತಿರಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಹಾಗೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ರಾಜ್ ರೆಡ್ಡಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಬೇರೊಂದು ದಾರಿ ಹಿಡಿಯಿತು. 2003ರಲ್ಲಿ ಉದ್ಘಾಟನೆಗೊಂಡ ಅದರ ಸಂಗ್ರಹದಲ್ಲಿದ್ದುದು ಹಳೆಯ ಪುಸ್ತಕಗಳ ಪುಟಗಳ ಬಿಂಬ. ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ, ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ ದಾಖಲಿಸಿದ್ದರಿಂದ ಸಂಶೋಧಕರು ಒಂದೇ ಗ್ರಂಥವನ್ನು ಹಲವು ಬಗೆಯಲ್ಲಿ ಹುಡುಕಬೇಕಾಯಿತು. ಆ ತಾಣ ನಿಂತ ಮೇಲೆ ಅದರ ಬಹಳಷ್ಟು ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದವು. ಪುಸ್ತಕಗಳು ನಾಶವಾಗದಂತೆ ಕಾದದ್ದು ಸಣ್ಣ ಸಾಧನೆಯಲ್ಲ. ಆದರೂ ಅವು ಪಠ್ಯವಾಗಲಿಲ್ಲ.

ಈ ದೃಷ್ಟಿಯಿಂದ 2014 ಮಹತ್ವದ ವರ್ಷ. 1969ರಿಂದ ಪ್ರಕಟವಾಗುತ್ತ 14 ಸಂಪುಟಗಳಾಗಿ ಬೆಳೆದ ಕನ್ನಡ ವಿಶ್ವಕೋಶವನ್ನು ಮೈಸೂರು ವಿಶ್ವವಿದ್ಯಾನಿಲಯವು ಆ ವರ್ಷ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿತು. ಲೇಖನಗಳು ವಿಕಿಸೋರ್ಸ್‌ನಲ್ಲಿ ಯೂನಿಕೋಡ್ ಪಠ್ಯವಾಗತೊಡಗಿದವು. ಹಕ್ಕು, ಅಕ್ಷರ ಎರಡೂ ಒಟ್ಟಿಗೆ ಬಿಡುಗಡೆಯಾದ ಇಂಥ ನಿದರ್ಶನಗಳು ವಿರಳ. ಮಾರುಕಟ್ಟೆ ಇಷ್ಟು ಉದಾರವಾಗಿರಲಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಅವಕಾಶ ನೀಡಿದಾಗ ಅವುಗಳಲ್ಲಿ ಕನ್ನಡ ಇರಲಿಲ್ಲ. ಬೆಂಗಳೂರಿನ ಮೈಲ್ಯಾಂಗ್ ಇ-ಪುಸ್ತಕ ಹಾಗೂ ಕೇಳುಪುಸ್ತಕಗಳ ಮಳಿಗೆಯನ್ನು ತೆರೆದದ್ದು 2020ರಲ್ಲಿ.

ಕೇಳುಪುಸ್ತಕದ ಚರಿತ್ರೆಯನ್ನು ಮಾತ್ರ ಈ ಮಳಿಗೆಗಳಿಂದ ಆರಂಭಿಸುವುದು ಸರಿಯಲ್ಲ. 1990ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮಿತ್ರಜ್ಯೋತಿಯಂಥ ಸಂಸ್ಥೆಗಳು ಅಂಧ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುತ್ತ ಬಂದಿದ್ದವು. ಪರೀಕ್ಷೆಗೆ ಕೂರುವವರಿಗೆ ಮೊದಲು ಬೇಕಾದದ್ದು ಕಾದಂಬರಿಯಲ್ಲ, ಪಠ್ಯಪುಸ್ತಕ. ನಕ್ಷೆ, ಕೋಷ್ಟಕ, ಅಡಿಟಿಪ್ಪಣಿಗಳನ್ನು ಕಿವಿಗೆ ದಾಟಿಸುವುದು ಹೇಗೆಂಬ ಪ್ರಶ್ನೆಯನ್ನು ವಾಣಿಜ್ಯ ಪ್ರಕಾಶಕರಿಗಿಂತ ಮುಂಚೆ ಎದುರಿಸಿದವರು ಇಂಥ ಪುಸ್ತಕಗಳನ್ನು ಓದಿಕೊಟ್ಟ ಸ್ವಯಂಸೇವಕರು. 2012ರ ತಿದ್ದುಪಡಿಯ ತನಕ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅಂಗವಿಕಲರಿಗಾಗಿ ಪ್ರತಿ ಮಾಡಲು ಪ್ರತ್ಯೇಕ ವಿನಾಯಿತಿಯೂ ಇರಲಿಲ್ಲ. 2013ರ ಮರಾಕೆಶ್ ಒಪ್ಪಂದವನ್ನು ಮರುವರ್ಷ ಮೊದಲಿಗೆ ಅನುಮೋದಿಸಿದ ದೇಶ ಭಾರತ.

ಕಾನೂನಿನ ಅಡ್ಡಿ ಹೋದರೂ ಅಕ್ಷರದ್ದು ಉಳಿದಿದೆ. ಯೂನಿಕೋಡ್ ಪಠ್ಯವನ್ನು ಪರದೆವಾಚಕ ತಂತ್ರಾಂಶಗಳು ಕನ್ನಡದಲ್ಲಿ ಗಟ್ಟಿಯಾಗಿ ಓದಬಲ್ಲವು; ಹಳೆಯ ಫಾಂಟಿನ ಕಡತ ಕೊಟ್ಟರೆ ಅವು ಉಚ್ಚರಿಸುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲನ್ನು. ಆ ಕಾಲದ ಜ್ಞಾನಗ್ರಂಥಗಳು ಒಂದೊಂದಾಗಿ ಪರಿವರ್ತನೆಗೊಂಡು, ಮತ್ತೆ ಕರಡು ತಿದ್ದಿಸಿಕೊಳ್ಳಬೇಕಾಗಿದೆ.